ಐದಕ್ಕೆ ಮೂರು

೧೧ ನವೆಂಬರ್ ೧೯೯೭, ಅರಸೀಕೆರೆ

ಇವತ್ತು ಅಂಗಡಿಗೆ ಒಬ್ಬ ಮುದುಕರು ಟವಲಿನಲ್ಲಿ ಸುತ್ತಿದ ಮೈಕು ತಂದರು. ಅಂಗಡಿ ಎಂದರೆ ಜವರಯ್ಯನವರ ರೇಡಿಯೋ ರಿಪೇರಿ ಅಂಗಡಿ. ಕಾಲೇಜು ಬಿಟ್ಟ ಮೇಲೆ ನಾನು ಕೂರುವುದು ಅಲ್ಲೇ.

ಮೈಕು ಹೋಳಿಗೆಯಷ್ಟು ಅಗಲ, ದುಂಡಗೆ, ಮುಂದೆ ಜಾಲರಿ. ಎಂದೋ ಒಂದು ನಾಟಕ ಕಂಪನಿ ಈ ಊರಿನಲ್ಲಿ ಮುರಿದುಬಿದ್ದಾಗ ಕೊಂಡದ್ದಂತೆ. ಮುದುಕರು ಏನೋ ಹೇಳಿದರು. ಉಸಿರು ಬಂತು, ಮಾತು ಬರಲಿಲ್ಲ. ಜವರಯ್ಯ ಜೋರಾಗಿ “ಹೂಂ ಸಾವ್ಕಾರ್ರೆ, ಹೂಂ ಹೂಂ” ಎಂದರು. ಅವರು ಹೋದ ಮೇಲೆ, “ಏನಂದ್ರು?” ಎಂದು ಕೇಳಿದೆ.

“ಯಾರಿಗ್ಗೊತ್ತು ಕಣಮ್ಮ? ಗಂಟ್ಲು ಆಪರೇಸನ್ ಆಗೈತೆ ಅವ್ರಿಗೆ. ಅದೇನೋ ಹ್ಯಾಮ್ ರೇಡಿಯೋ ಅಂತ ಇಟ್ಕೊಂಡವ್ರೆ. ನೀನೇ ಮನೆತಾವ ಹೋಗಿ ನೋಡು. ನಂಗೆ ಆ ಸವಾಸ ಬ್ಯಾಡ.”

ಅರ್ಥವಾಗದೆ ಹೂಂ ಎನ್ನುವುದು ಯಾಕೆ? ಜನ ಇದನ್ನು ದಿನಾ ಮಾಡುತ್ತಾರೆ. ನನಗೆ ಈ ವಿದ್ಯೆ ಬರಲಿಲ್ಲ.

೧೪ ನವೆಂಬರ್

ಹೋದೆ. ಅವರ ಹೆಸರು ಚನ್ನಬಸವಯ್ಯ. ಕೆಳಗೆ ಕೊಬ್ಬರಿ ಮಂಡಿ, ಮೇಲೆ ಮನೆ, ತಾರಸಿಯಲ್ಲಿ ಒಂದು ಕೋಣೆ. ಕಿಟಕಿಯಿಂದ ಮಾಲೇಕಲ್ಲು ಬೆಟ್ಟ ಕಾಣುತ್ತದೆ. ಮೇಜಿನ ತುಂಬ ರೇಡಿಯೋ ಸಾಮಾನು. ಎಲ್ಲಾ ಅವರೇ ಕೂಡಿಸಿದ್ದು. ಸರ್ಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸು ತೆಗೆದುಕೊಂಡವರು ಹೀಗೆ ಸ್ವಂತ ಸೆಟ್ಟು ಇಟ್ಟುಕೊಂಡು ಗಾಳಿಯಲ್ಲಿ ಒಬ್ಬರಿಗೊಬ್ಬರು ಮಾತಾಡಬಹುದಂತೆ. ಬೆಳಿಗ್ಗೆ ಏಳಕ್ಕೆ ಸ್ನೇಹಿತರೆಲ್ಲ ಸೇರುತ್ತಾರೆ. ಮೊದಲಿನಿಂದ ಹಾಜರಿ ಕೂಗುತ್ತಿದ್ದವರು ಇವರು. ಆಪರೇಷನ್ನಿನ ನಂತರ ಗಂಟಲಿನ ಒಂದು ಕಡೆ ಅಲ್ಲಾಡುವುದಿಲ್ಲ. ಹೊಸ ಮೈಕು ಇವರ ದನಿಯನ್ನು ಹಿಡಿಯುವುದಿಲ್ಲ. ಅವರು ಮೊದಲು ಮಾತಾಡಿದ್ದು ಈ ಹಳೇ ಮೈಕಿನಲ್ಲಿ; ಅದು ತಮ್ಮ ದನಿಯನ್ನು ತಂದುಕೊಡುತ್ತದೆ ಎಂದು ನಂಬಿದ್ದಾರೆ.

ಹತ್ತಿರ ಕೂತರೆ ಅವರ ಪಿಸುಮಾತು ಅರ್ಥವಾಗುತ್ತದೆ. ತುಟಿ ನೋಡಬೇಕು.

ಇವೆಲ್ಲ ಯಾಕೆ ಎಂದು ನೇರವಾಗಿ ಕೇಳಿದೆ. ಬೇಲೂರಿನಲ್ಲಿ ರಾಜಶೇಖರ್ ಎಂಬ ಸ್ನೇಹಿತರಿದ್ದಾರೆ. ಅವರ ಮಗಳು ಹೇಮಲತಾ ಬಾಣಂತನಕ್ಕೆ ಬಂದಿದ್ದಳು. “ಮಗು ಗಂಡೋ ಹೆಣ್ಣೋ” ಎಂದು ಇವರು ದಿನಾ ಕೇಳುತ್ತಾರೆ. ಅವರು ದಿನಾ “ಫೈವ್ ನೈನ್ ಅಣ್ಣಾ, ಚೆನ್ನಾಗಿ ಬತ್ತಾ ಇದೀಯ, ನಮಸ್ಕಾರ” ಎನ್ನುತ್ತಾರೆ.

ಫೈವ್ ನೈನ್ ಎಂದರೆ ಅಂಕ. ಮಾತು ಎಷ್ಟು ಅರ್ಥವಾಯಿತು ಎಂಬುದಕ್ಕೆ ಐದರವರೆಗೆ, ಎಷ್ಟು ಜೋರಾಗಿ ಬಂತು ಎಂಬುದಕ್ಕೆ ಒಂಬತ್ತರವರೆಗೆ. ಎಲ್ಲರೂ ಎಲ್ಲರಿಗೂ ಐದು ಒಂಬತ್ತೇ ಕೊಡುತ್ತಾರಂತೆ. ಅದು ಮರ್ಯಾದೆ.

“ಕಾಗದ ಬರೆದು ಕೇಳಬಹುದಲ್ಲ ಸಾರ್?” ಎಂದೆ.

ಅವರು ನನ್ನ ಕಡೆ ಬಗ್ಗಿದರು. “ಬರೆದ್ರೆ ಮಗು ಯಾವ್ದು ಅಂತ ಗೊತ್ತಾಯ್ತದೆ. ನಾನು ಕೇಳ್ತಾ ಇದೀನಾ ಇಲ್ವಾ ಅಂತ ಗೊತ್ತಾಗಲ್ಲ.”

ಅವರ ಹೆಂಡತಿ ಬಸಮ್ಮ ಬಾಗಿಲಲ್ಲಿ ನಿಂತು, “ಅದೇನೋ ಟಕಟಕ ಅಂತ ಕುಟ್ಟೋದು ಐತಲ್ಲ, ಅದ್ರಲ್ಲಿ ಕೇಳಿ ಅಂದ್ರೆ ಕೇಳಕಿಲ್ಲ” ಎಂದರು. ಇವರು ತಲೆ ಅಲ್ಲಾಡಿಸಿದರು. ಮೋರ್ಸ್ ಸಂಕೇತ ಕುಟ್ಟುವುದು ತಮ್ಮ ದನಿಯಲ್ಲವಂತೆ.

ಬಸಮ್ಮ ನನ್ನ ಅಪ್ಪನ ಹೆಸರು ಕೇಳಿದರು, ಕೇರಿ ಕೇಳಿದರು. ಮನೆಯಲ್ಲಿ ಬುದ್ಧನ ಫೋಟೋ ಇದೆಯಾ ಎಂದೂ ಕೇಳಿದರು. ಇದೆ ಎಂದೆ. ಆಮೇಲೆ ಕಾಫಿ ಬಂತು. ಅವರಿಗೆ ಸ್ಟೀಲ್ ಲೋಟ, ನನಗೆ ಗಾಜಿನದು. ನನ್ನದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಮೇಜಿನ ಮೇಲೆ ಜಾಗವಿರಲಿಲ್ಲ ಎಂಬುದೂ ನಿಜ. ಅದಕ್ಕೋ ಇದಕ್ಕೋ ಗೊತ್ತಾಗಲಿಲ್ಲ. ಕುಡಿದೆ. ಕಾಫಿ ಚೆನ್ನಾಗಿತ್ತು ಎಂಬುದನ್ನೂ ಬರೆಯಬೇಕು.

೧೭ ನವೆಂಬರ್

ಮೈಕನ್ನು ನೇರವಾಗಿ ಸೆಟ್ಟಿಗೆ ಸಿಕ್ಕಿಸಿದರೆ ಗುಂಯ್ ಎನ್ನುವುದು ಬಿಟ್ಟು ಬೇರೇನಿಲ್ಲ. ತಂತಿಯ ಮೇಲಿನ ಜಾಲರಿ ಒಂದು ಕಡೆ ಬಿಟ್ಟುಹೋಗಿತ್ತು. ಬೆಸೆದೆ. ಗುಂಯ್ ಹೋಯಿತು. ಜೊತೆಗೆ ಎಲ್ಲವೂ ಹೋಯಿತು.

೧೯ ನವೆಂಬರ್

ಈ ಮೈಕಿನೊಳಗೆ ಒಂದು ಬಗೆಯ ಉಪ್ಪಿನ ಹರಳಿದೆ. ದನಿ ತಾಗಿದರೆ ಹರಳು ಚೂರು ವಿದ್ಯುತ್ ಕೊಡುತ್ತದೆ. ಕೊಡುವುದು ಸ್ವಲ್ಪ, ಸೆಟ್ಟು ಎಳೆದುಕೊಳ್ಳುವುದು ಜಾಸ್ತಿ. ಹಾಗಾಗಿ ನಡುವೆ ಒಂದು ಟ್ರಾನ್ಸಿಸ್ಟರ್ ಕೂರಿಸಬೇಕು. ಮೈಕಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಬರುತ್ತದೆ; ಅದು ದೊಡ್ಡದಾದಷ್ಟೂ ಒಳ್ಳೆಯದು, ಸ್ವರ ತುಂಬಿಕೊಂಡು ಬರುತ್ತದೆ ಎಂದು ಪುಸ್ತಕದಲ್ಲಿದೆ. ಜವರಯ್ಯ ಖಾಲಿ ನಶ್ಯದ ಡಬ್ಬಿ ಕೊಟ್ಟರು. ಎಲ್ಲವನ್ನೂ ಅದರೊಳಗೆ ಕೂರಿಸಿದೆ. ಕೈಯೆಲ್ಲ ನಶ್ಯದ ವಾಸನೆ, ಸಾಯಂಕಾಲದವರೆಗೆ ಸೀನು.

ಅಪ್ಪ ನೋಡಿದರು. ಅಮ್ಮನ ಕಡೆ ತಿರುಗಿ, “ಅವಳಿಗೆ ನೆಗಡಿಯಾದ್ರೆ ಕಷಾಯ ಮಾಡಿಕೊಡು” ಎಂದರು. ಕಾಲೇಜು ಬಿಟ್ಟ ದಿನದಿಂದ ಅಪ್ಪ ನನ್ನೊಡನೆ ಮಾತಾಡುವುದು ಹೀಗೆ, ಅಮ್ಮನ ಮೂಲಕ. ನಮ್ಮ ವಂಶದಲ್ಲೇ ಮೊದಲು ಮೆಟ್ರಿಕ್ ಮುಟ್ಟಿದವರು ಅಪ್ಪ. ರೈಲ್ವೆಯಲ್ಲಿ ಟೆಲಿಫೋನ್ ನೋಡಿಕೊಳ್ಳುತ್ತಾರೆ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟೆ. ಪ್ರಾಕ್ಟಿಕಲ್ಲಿನಲ್ಲಿ ಲೋಲಕ ತೂಗಿ ಗುರುತ್ವದ ಲೆಕ್ಕ ಹಾಕಿದಾಗ ನನಗೆ ಎಂಟೂವರೆಯ ಹತ್ತಿರ ಬಂತು. ಲೆಕ್ಚರರು “ಒಂಬತ್ತು ಪಾಯಿಂಟ್ ಎಂಟು ಅಂತ ಬರ್ಕೊಳಮ್ಮ, ಎಲ್ಲರೂ ಹಾಗೇ ಬರ್ಕೊಂಡಿದಾರೆ” ಎಂದರು. ನನಗೆ ಬಂದದ್ದು ಎಂಟೂವರೆ. ಬರೆಯಲಿಲ್ಲ. ಮಾತಿಗೆ ಮಾತು ಬೆಳೆಯಿತು, ಎದ್ದು ಬಂದೆ. ಇವತ್ತಿಗೂ ನನಗೆ ಅದು ತಪ್ಪೆನ್ನಿಸಿಲ್ಲ. ಆದರೆ ಅಪ್ಪನ ಮುಖ ನೋಡಿದರೆ ಸರಿ ಎಂದೂ ಅನ್ನಿಸುವುದಿಲ್ಲ.

೨೪ ನವೆಂಬರ್

ಕೆಲಸ ಮಾಡುತ್ತಿದೆ!

ಆಂಟೆನಾ ಬಿಚ್ಚಿ, ಅದರ ಜಾಗಕ್ಕೆ ಒಂದು ಬಲ್ಬು ಸಿಕ್ಕಿಸಿದೆವು. ಹೀಗೆ ಮಾಡಿದರೆ ದನಿ ದೂರ ಹೋಗುವುದಿಲ್ಲ, ಬಲ್ಬಿನಲ್ಲೇ ಉರಿದುಹೋಗುತ್ತದೆ. ಲೈಸೆನ್ಸಿಲ್ಲದ ನಾನು ಮಾತಾಡಬಹುದಾದದ್ದು ಬಲ್ಬಿನ ಜೊತೆ ಮಾತ್ರ. ಪರೀಕ್ಷೆಗೆಂದು ಮಾತಾಡಿ ಮಾತಾಡಿ ಅವರ ಗಂಟಲು ನೋಯುತ್ತದೆ. ಅದಕ್ಕೆ ನಾನು ಮೈಕಿನ ಮುಂದೆ ಕೂತು ಮಾತಾಡಿದೆ. ಅವರು ಪಕ್ಕದ ಕೋಣೆಯಲ್ಲಿ ಚಿಕ್ಕ ರಿಸೀವರಿನ ಹೆಡ್‌ಫೋನು ಹಾಕಿಕೊಂಡು ಕೇಳಿದರು. ನನ್ನದು ಕೀರಲು ದನಿ. ರೆಸಿಸ್ಟರ್ ದೊಡ್ಡದು ಮಾಡುತ್ತಾ ಹೋದಂತೆ ತುಂಬಿಕೊಂಡಿತು. ಕೊನೆಗೆ ಅವರು ಎದ್ದು ಬಂದು ಹೆಬ್ಬೆರಳು ಎತ್ತಿ ತೋರಿಸಿದರು.

ಮಾತಾಡಿದಾಗಲೆಲ್ಲ ಬಲ್ಬು ಹೊತ್ತುತ್ತದೆ. ಹೇಳಲು ಏನೂ ತೋಚದೆ ಅರಸೀಕೆರೆಯಿಂದ ಬೀರೂರಿನವರೆಗಿನ ಸ್ಟೇಷನ್ನುಗಳ ಹೆಸರು ಹೇಳಿದೆ. ಒಂದೊಂದು ಸ್ಟೇಷನ್ನಿಗೂ ದೀಪ. ಯಾರ ಮುಂದೆಯೂ ನಾನು ಇಷ್ಟು ಹೊತ್ತು ಮಾತಾಡಿದ ನೆನಪಿಲ್ಲ.

ಸಾಯಂಕಾಲ ಜವರಯ್ಯ, “ಒಂದ್ಸಲ ಆಂಟೆನಾ ಸಿಗಿಸಿ ಹಲೋ ಅಂದ್ಬಿಡು, ಯಾವನು ಹಿಡಿಯಕ್ಕೆ ಬತ್ತಾನೆ?” ಎಂದು ರೇಗಿಸಿದರು. ಹಿಡಿಯಲು ಯಾರೂ ಬರುವುದಿಲ್ಲ ಎಂದು ನನಗೂ ಗೊತ್ತು. ಆದರೂ ಹಲೋ ಅನ್ನಲಿಲ್ಲ.

೩೦ ನವೆಂಬರ್

ಅವರು ಮಾತಾಡಿದಾಗಲೂ ಬಲ್ಬು ಉರಿಯಿತು. ಹಾಗಾಗಿ ಇವತ್ತು ಆಂಟೆನಾ ಸಿಕ್ಕಿಸಿ ಏಳಕ್ಕೆ ಸರಿಯಾಗಿ ಕೂತೆವು. ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದೇ ಪ್ರಶ್ನೆ ಕೇಳಿದರು. ಪಕ್ಕದಲ್ಲಿದ್ದ ನನಗೆ ಎಲ್ಲ ಅರ್ಥವಾಯಿತು.

ಬೇಲೂರಿನಿಂದ ಉತ್ತರ: “ಫೈವ್ ನೈನ್ ಅಣ್ಣಾ, ಫೈವ್ ನೈನ್! ಹೊಸ ಮೈಕಾ? ಫಸ್ಟ್‌ಕ್ಲಾಸಾಗೈತೆ. ಆರೋಗ್ಯ ನೋಡ್ಕೋ.”

ಮಗುವಿನ ಸುದ್ದಿಯಿಲ್ಲ. ಫಸ್ಟ್‌ಕ್ಲಾಸಾಗಿದ್ದರೆ ಉತ್ತರ ಯಾಕೆ ಇಲ್ಲ? ಅವರಿಗೆ ಕೇಳಿಸಿಲ್ಲವೋ, ಕೇಳಿಸಿಯೂ ಹೇಳಲಾಗದಂಥದ್ದು ಏನಾದರೂ ನಡೆದಿದೆಯೋ? ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಆಮೇಲೆ ಅವರು ಪಿಸುಗುಟ್ಟಿದರು: “ನೀನು ಸುಳ್ಳು ಹೇಳಲ್ಲ ಅಂತ ಜವರಯ್ಯ ಹೇಳ್ದ. ದೂರ ಹೋಗಿ ಕೇಳ್ತೀಯಾ?”

೩ ಡಿಸೆಂಬರ್, ಬಸ್ತಿಹಳ್ಳಿ

ಹಳೇಬೀಡಿನ ಪಕ್ಕದ ಊರು, ಚಿಕ್ಕಮ್ಮ ಚಲುವಮ್ಮನ ಮನೆ. ಜಾವಗಲ್ಲಿನ ಮೇಲೆ ಬರುವ ಬಸ್ಸಿನಲ್ಲಿ ಚಿಕ್ಕ ರಿಸೀವರನ್ನು ತೊಡೆಯ ಮೇಲಿಟ್ಟುಕೊಂಡು ನಿನ್ನೆ ಬಂದೆ. ಹೊರಡುವಾಗ ಬಸಮ್ಮ ಮೆಟ್ಟಿಲಲ್ಲಿ ಕೈ ಹಿಡಿದು ನಿಲ್ಲಿಸಿದರು. “ನೋಡು ಮಗ, ಹೆಂಗೇ ಕೇಳಿದ್ರೂ ಚೆನ್ನಾಗಿ ಕೇಳ್ತು ಅಂದ್ಬಿಡವ್ವ. ಇದೊಂದು ಹೋದ್ರೆ ಅವ್ರು ಎದ್ದು ಕೂರಾಕಿಲ್ಲ.” ನಾನು ಕೈ ಬಿಡಿಸಿಕೊಂಡೆ. ಹೂಂ ಎನ್ನಲಿಲ್ಲ.

ತೆಂಗಿನ ಮರಕ್ಕೆ ತಂತಿ ಕಟ್ಟಿದೆ. ಬಸದಿ ನೋಡಲು ಬಂದವರು ಇದನ್ನೂ ನಿಂತು ನೋಡಿದರು. “ಟೀವಿಗೇನಮ್ಮ?” ಎಂದು ಕೇಳಿದವರಿಗೆ ಚಿಕ್ಕಮ್ಮನೇ, “ಹೂಂ, ಟೀವಿಗೇ” ಎಂದು ಕಳಿಸಿದಳು.

ಏಳಕ್ಕೆ ಬೇಲೂರು ಸ್ಪಷ್ಟವಾಗಿ ಬಂತು. ಇನ್ನೂ ಯಾರು ಯಾರೋ ಬಂದರು. ಆಮೇಲೆ ಅವರ ಸರದಿ. ಗಾಳಿ ಬಂದಾಗ ಬಾಗಿಲ ಸಂದಿಯಲ್ಲಿ ಆಗುವಂಥ ಸದ್ದು. ಹುಸ್ಸ್, ಹುಸ್ಸ್. ಜೋರಾಗಿಯೇ ಇತ್ತು. ಒಂದು ಅಕ್ಷರವೂ ಇಲ್ಲ. ಅದು ಮುಗಿದ ಕೂಡಲೇ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಫೈವ್ ನೈನ್, ಫೈವ್ ನೈನ್.

ಚಿಕ್ಕಮ್ಮ ಬಗ್ಗಿ ಕೇಳಿ, “ಯಾರೇ ಅದು, ಮಲಗವ್ರಾ?” ಎಂದಳು.

೪ ಡಿಸೆಂಬರ್

ಹೇಳುವ ಮೊದಲೇ ಅವರಿಗೆ ಗೊತ್ತಾಯಿತು. ನಾನು ಮೆಟ್ಟಿಲು ಹತ್ತಿ ಬರುತ್ತಲೇ ನನ್ನ ಕೈ ನೋಡಿದರು, ಚೀಲ ನೋಡಿದರು.

“ಸೀಬೆಹಣ್ಣು?” ಎಂದರು.

ಯಾವ ಸೀಬೆಹಣ್ಣು ಎಂದೆ. ನಿನ್ನೆ ಬೆಳಿಗ್ಗೆ ರೇಡಿಯೋದಲ್ಲಿ ಸ್ನೇಹಿತರ ಹತ್ತಿರ, ನಮ್ಮ ಹುಡುಗಿ ಹಳೇಬೀಡಿನಿಂದ ಸೀಬೆಹಣ್ಣು ತರುತ್ತಾಳೆ ಎಂದು ಹೇಳಿದ್ದರಂತೆ. ಕೇಳಿಸಿದ್ದರೆ ತರುತ್ತಿದ್ದೆ. ಬಸಮ್ಮ ಹೇಳಿಕೊಟ್ಟ ಸುಳ್ಳನ್ನು ನಾನು ಹೇಳಿದ್ದರೂ ನಿಲ್ಲುತ್ತಿರಲಿಲ್ಲ.

“ಉಸಿರು ಕೇಳ್ತು ಸಾರ್. ಮಾತು ಒಂದೂ ಕೇಳಲಿಲ್ಲ.”

ಅವರು ತಲೆಯಾಡಿಸಿದರು. ಮೈಕನ್ನು ಕಿತ್ತು ಟವಲಿನಲ್ಲಿ ಸುತ್ತಿ, ನಾಳೆಯಿಂದ ಬರಬೇಡ ಎಂದು ಕೈಸನ್ನೆ ಮಾಡಿದರು. ಆಂಟೆನಾ ಇಳಿಸಲು ಆಳನ್ನು ಕರೆಯುವಂತೆ ಬಸಮ್ಮನಿಗೆ ಹೇಳಿದರು. ಬಸಮ್ಮ ನನ್ನ ಮುಖ ನೋಡಲಿಲ್ಲ.

ನಿಜ ಹೇಳಿದೆ. ಏನಾಯಿತು?

೧೦ ಡಿಸೆಂಬರ್

ಅಂಗಡಿಗೆ ಹೋಗಲಿಲ್ಲ.

೧೫ ಡಿಸೆಂಬರ್

ಇವತ್ತೂ ಇಲ್ಲ. ಹೋಗಬೇಕೆನ್ನಿಸುವುದಿಲ್ಲ, ಮನೆಯಲ್ಲಿರಬೇಕೆಂದೂ ಅನ್ನಿಸುವುದಿಲ್ಲ. ಪ್ಲಾಟ್‌ಫಾರಂ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಅವರ ತಾರಸಿ ಅಲ್ಲಿಂದ ಕಾಣುತ್ತದೆ. ಆಂಟೆನಾ ಇನ್ನೂ ಇದೆ. ಆಳು ಸಿಕ್ಕಿಲ್ಲವೋ, ಬಸಮ್ಮ ಕರೆದೇ ಇಲ್ಲವೋ?

೧೯ ಡಿಸೆಂಬರ್

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಬಲ್ಬು ಉರಿಯಿತಲ್ಲ? ಅವರು ಮಾತಾಡಿದಾಗ ಉರಿಯಿತು, ನಾನೇ ನೋಡಿದ್ದೇನೆ. ಶಕ್ತಿ ಹೋಗುತ್ತಿದೆ, ಸದ್ದು ಹೋಗುತ್ತಿದೆ, ಮಾತು ಹೋಗುತ್ತಿಲ್ಲ. ಹೇಗೆ?

ಊಟದ ಹೊತ್ತಿನಲ್ಲಿ ಇದನ್ನು ಅಮ್ಮನಿಗೆ ಹೇಳುತ್ತಿದ್ದೆ, ಬೇರೆ ಯಾರಿಗೆ ಹೇಳಲಿ? ಅಮ್ಮ “ನಂಗೇನೇ ಗೊತ್ತು” ಎಂದು ಸಾರು ಬಡಿಸಿದಳು. ಅಪ್ಪ ತಟ್ಟೆ ನೋಡುತ್ತಲೇ, “ಮೈಕು ಕೂರಿಸುವಾಗ ಮಾತಾಡಿದ್ದು ಯಾರು?” ಎಂದರು.

“ನಾನು.”

“ನಿನಗೆ ಸರಿಯಾಗಿ ಕೂತಿದೆ ಹಂಗಾದ್ರೆ. ಅವರಿಗೆ ಯಾಕೆ ಸರಿಹೋಗುತ್ತೆ?”

ತುತ್ತು ಕೈಯಲ್ಲೇ ಉಳಿಯಿತು.

“ಸ್ಟೇಷನ್ನಿನಲ್ಲಿ ಕಂಟ್ರೋಲ್ ಫೋನು ಕೇಳಿದ್ದೀಯಲ್ಲ, ಮೂಗು ಹಿಡ್ಕೊಂಡು ಮಾತಾಡಿದಂಗಿರುತ್ತೆ. ಇಂಪಾಗಿರಲಿ ಅಂತ ಅದನ್ನ ಮಾಡಿಲ್ಲ ಕಣೇ. ಇಂಜಿನ್ ಗದ್ದಲದಲ್ಲೂ ಗಾಡಿ ನಂಬರ್ ಗೊತ್ತಾಗ್ಲಿ ಅಂತ ಮಾಡಿರೋದು. ದಪ್ಪ ಸ್ವರ ಸದ್ದಿಗೆ. ಅಕ್ಷರ ಇರೋದು ಸಣ್ಣ ಸ್ವರದಲ್ಲಿ.”

ಅಂದರೆ ನಾನು ರೆಸಿಸ್ಟರ್ ದೊಡ್ಡದು ಮಾಡಿ ಮಾಡಿ ದಪ್ಪ ಸ್ವರ ತುಂಬಿಸಿದೆ. ನನ್ನ ಕೀರಲಿಗೆ ಅದು ಬೇಕಿತ್ತು. ಅವರ ಹತ್ತಿರ ದಪ್ಪ ಇರುವುದು ಬರೀ ಉಸಿರು. ಆ ಉಸಿರೇ ಬಲ್ಬು ಹೊತ್ತಿಸಿತು. ಪುಸ್ತಕ ಹೇಳಿದ್ದಕ್ಕೆ ಉಲ್ಟಾ, ರೆಸಿಸ್ಟರ್ ಆದಷ್ಟೂ ಚಿಕ್ಕದಾಗಬೇಕು! ಊಟ ಬಿಟ್ಟು ಎದ್ದು ಲೆಕ್ಕ ಹಾಕಿದೆ. ಅಪ್ಪನೂ ಬಂದು ಒಂದು ಕಡೆ ಸೊನ್ನೆ ತಪ್ಪಿದ್ದನ್ನು ತೋರಿಸಿದರು. ಮತ್ತೆ ಹಾಕಿದೆ. ನಾಳೆಯೇ ಹೋಗಬೇಕು.

೨೦ ಡಿಸೆಂಬರ್

ಬಸಮ್ಮ ಬಾಗಿಲು ತೆರೆದು, “ಇನ್ನೇನು ಹೇಳಕ್ಕೆ ಬಂದೆ?” ಎಂದರು.

“ತಪ್ಪು ನಂದು ಅಂತ ಹೇಳೋಕೆ. ಮೈಕನ್ನ ನನ್ನ ದನಿಗೆ ಕೂರಿಸಿದ್ದೆ. ಅವರದಕ್ಕೆ ಕೂರಿಸಲೇ ಇಲ್ಲ.”

ಅವರು ಬಾಗಿಲು ಪೂರ್ತಿ ತೆರೆದರು. ಆಮೇಲೆ ಒಳಗೆ ಕೂಗಿದರು: “ಬಂದವ್ಳೆ ಕಣ್ರೀ, ನಿಮ್ಮ ಸತ್ಯವಂತೆ!”

ಆಳನ್ನು ಕರೆದೇ ಇರಲಿಲ್ಲವಂತೆ.

೨೭ ಡಿಸೆಂಬರ್

ಈಗ ಉಲ್ಟಾ. ಚನ್ನಬಸವಯ್ಯನವರು ಮಾತಾಡುತ್ತಾರೆ, ನಾನು ಪಕ್ಕದ ಕೋಣೆಯಲ್ಲಿ ಕೇಳುತ್ತೇನೆ. ನಾಲ್ಕು ಮಾತಾಡಿದರೆ ಸುಸ್ತು, ಆಮೇಲೆ ಬಿಸಿನೀರು, ಮತ್ತೆ ನಾಲ್ಕು ಮಾತು. ಹಾಗಾಗಿ ದಿನಕ್ಕೆ ಒಂದು ರೆಸಿಸ್ಟರ್ ಬದಲಾಯಿಸುವುದೇ ದೊಡ್ಡದು. ಮೈಕನ್ನು ತುಟಿಗೆ ನೇರ ಹಿಡಿದರೆ ಉಸಿರು ಬಡಿಯುತ್ತದೆ. ಕೆನ್ನೆಯ ಪಕ್ಕ ಹಿಡಿದರೆ ಬಡಿಯುವುದಿಲ್ಲ. ಇದನ್ನು ಕಂಡುಹಿಡಿಯಲು ಎರಡು ದಿನ ಹೋಯಿತು.

ತೊಂದರೆ ಬಲ್ಬಿನದು. ರೆಸಿಸ್ಟರ್ ಚಿಕ್ಕದಾದಂತೆ ಅದು ಮಂಕಾಗುತ್ತದೆ, ಈಗ ಕೆಂಪಗೆ ಒಂದು ಎಳೆ ಮಾತ್ರ. ಅದು ಮಂಕಾದಂತೆ ಅಯ್ಯನವರೂ ಮಂಕಾಗುತ್ತಾರೆ, ಜೋರು ಮಾಡಲು ಹೋಗಿ ಬರೀ ಉಸಿರು ಬಿಡುತ್ತಾರೆ. ಕೊನೆಗೆ, ಅವರು ಮೈಕು ಸುತ್ತಿದ್ದ ಆ ಟವಲನ್ನು ನಾನು ಬಲ್ಬಿನ ಮುಂದೆ ತೂಗುಹಾಕಿದೆ. “ಅದನ್ನ ನೋಡ್ಬೇಡಿ. ನಂಗೆ ಹೇಳಿ” ಎಂದೆ. ಜೋರಾಗಿಯೇ ಹೇಳಿಬಿಟ್ಟೆ. ಅವರು ನಕ್ಕರು. ಆ ನಗು ಹೆಡ್‌ಫೋನಿನಲ್ಲಿ ತಗಡಿನ ಮೇಲೆ ರಾಗಿ ಸುರಿದ ಹಾಗೆ ಬಂತು. ನಗು ಎಂದು ಗೊತ್ತಾಯಿತು!

ಬಸಮ್ಮ ಕಾಫಿ ಕೈಗೇ ಕೊಟ್ಟರು. ಸ್ಟೀಲ್ ಲೋಟ ಸುಡುತ್ತಿತ್ತು, ದುಪಟ್ಟಾದಲ್ಲಿ ಹಿಡಿದುಕೊಂಡೆ.

೨ ಜನವರಿ ೧೯೯೮

ಇವತ್ತು ಸುಮ್ಮನೆ ತೋಚಿದ್ದು: ಆ ಲೋಲಕದ ದಾರ ಮೇಲಿನ ಬಿರಟೆಯಲ್ಲಿ ಜಾರುತ್ತಿತ್ತೇನೋ. ದಾರ ಉದ್ದವಾದರೆ ಉತ್ತರ ಕಡಿಮೆ ಬರುತ್ತದೆ. ಹೋಗಲಿ.

೧೨ ಜನವರಿ, ಬಸ್ತಿಹಳ್ಳಿ

ಮತ್ತೆ ಅದೇ ಮರ, ಅದೇ ತಂತಿ. ಮಂಜು. ಚಿಕ್ಕಮ್ಮ ಕಂಬಳಿ ಹೊದ್ದುಕೊಂಡು ಪಕ್ಕದಲ್ಲಿ ಕೂತಿದ್ದಾಳೆ. ಕೇಳುವುದಷ್ಟೇ ನನ್ನ ಕೆಲಸ, ಬರೆಯುವುದಷ್ಟೇ.

ಅಯ್ಯನವರ ಸರದಿ ಬಂತು. ಜೀರುಂಡೆ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ. ಕೆಟ್ಟ ಸದ್ದು. ನಾಟಕದ ಮೈಕಿನಿಂದ ಹಳೆಯ ದನಿ ಬರುತ್ತದೆ ಎಂದುಕೊಂಡಿದ್ದರಲ್ಲ, ಇದು ಯಾರ ದನಿಯೂ ಅಲ್ಲ. ಆದರೆ ಅದರೊಳಗೆ “ಹೇಮಲತಾ” ಇತ್ತು. ಆಮೇಲೆ ಏನೋ ಹೋಯಿತು. ಆಮೇಲೆ “ಹೆಣ್ಣೋ.”

ಬರೀ ಸರಸರ ಸದ್ದು. ಆಮೇಲೆ ಬೇಲೂರು:

“ಏನಣ್ಣಾ ಇದು, ತಗಡು ಬಡಿದಂಗೆ ಐತೆ ನಿನ್ನ ದನಿ! ತಡಿ, ಹೇಮಲತಾ ಅಂದ್ಯಾ? ಹೆಣ್ಣು ಕಣಣ್ಣಾ, ಹೆಣ್ಣು! ಮಗೀಗೆ ಆಗ್ಲೇ ಮೂರು ತಿಂಗ್ಳಾತು. ಊರೋರೆಲ್ಲ ಬಂದು ನೋಡ್ಕೊಂಡು ಹೋದ್ರು. ನೀನು ಒಬ್ಬ ಈಗ ಕೇಳ್ತಿದೀಯಲ್ಲೋ ಮಾರಾಯ! ದಿನಾ ಬತ್ತೀಯ, ಒಂದಿನ ಬಾಯ್ಬಿಟ್ಟು ಕೇಳಲಿಲ್ಲ ಅಂತ ನಮ್ಮನೇಲಿ ಎಷ್ಟು ಬೇಜಾರು ಮಾಡ್ಕೊಂಡವ್ಳೆ ಗೊತ್ತಾ?”

ನಾನು ಎದ್ದು ನಿಂತು, “ಕೇಳಿದಾರೆ! ದಿನಾ ಕೇಳಿದಾರೆ!” ಎಂದು ರಿಸೀವರಿಗೆ ಕೂಗಿದೆ. ಅದಕ್ಕೆ ಮೈಕೇ ಇಲ್ಲ.

ಇವತ್ತು ಬೇಲೂರಿನವರು ಐದು ಒಂಬತ್ತು ಕೊಡಲಿಲ್ಲ. ಅರ್ಥವಾಗದಿದ್ದ ದಿನಗಳಲ್ಲಿ ಪೂರ್ತಿ ಅಂಕ ಕೊಟ್ಟವರು ಅರ್ಥವಾದ ದಿನ ಬೈದರು. ಇದರ ತಲೆಬುಡ ನನಗೆ ತಿಳಿಯುವುದಿಲ್ಲ.

ಕೊನೆಯಲ್ಲಿ ಅಯ್ಯನವರು ಇನ್ನೊಂದು ಮಾತು ಹೇಳಿದರು. “ಸಂಕ್ರಾಂತಿ”, ಆಮೇಲೆ “ನಮ್ಮ ಹುಡುಗಿ”, ಆಮೇಲೆ “ಕಬ್ಬು.” ಯಾವ ಕಬ್ಬು ಎನ್ನುವುದು ಸರಸರದಲ್ಲಿ ಹೋಯಿತು. ಕರಿಯೋ ಬಿಳಿಯೋ?

“ಎರಡೂ ತಗೊಂಡೋಗು” ಎಂದಳು ಚಿಕ್ಕಮ್ಮ.

೧೩ ಜನವರಿ, ಅರಸೀಕೆರೆ

ಎರಡು ಜಲ್ಲೆ ಕಬ್ಬನ್ನು ಬಸ್ಸಿನೊಳಗೆ ತರುವುದು ಸುಲಭವಲ್ಲ. ಕಂಡಕ್ಟರು ಬೈದ, ಜಾವಗಲ್ಲಿನಲ್ಲಿ ಹತ್ತಿದವರೊಬ್ಬರ ಪೇಟ ಬಿತ್ತು.

ಮಂಡಿಯ ಬೀದಿಗೆ ತಿರುಗಿದಾಗ ಅಯ್ಯನವರು ತಾರಸಿಯ ಮೇಲೆ ನಿಂತಿದ್ದರು. ನನ್ನ ತಲೆಯ ಮೇಲೆ ಎದ್ದಿದ್ದ ಗರಿಗಳನ್ನು ಅಲ್ಲಿಂದಲೇ ನೋಡಿದರು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಅವರು ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಬಸಮ್ಮ, “ಕೊಬ್ಬರಿ ಧೂಳು ಬಿತ್ತು ಅಂತಾರೆ. ಮ್ಯಾಲೆ ಎಲ್ಲೈತೆ ಕೊಬ್ಬರಿ?” ಎಂದರು.

“ಎರಡ್ಯಾಕೆ?” ಎಂದು ಅಯ್ಯನವರು ಪಿಸುಗುಟ್ಟಿದರು.

“ಬಣ್ಣ ಕೇಳಿಸಲಿಲ್ಲ.”

ಅವರು ಕರಿಯದನ್ನು ಮುಟ್ಟಿ ತೋರಿಸಿದರು. ಆಮೇಲೆ ಅಂಕ ಎಷ್ಟು ಎಂದು ಬೆರಳುಗಳನ್ನು ಬಿಡಿಸಿ ಹಿಡಿದರು. ನಾಲ್ಕು ಎಂದುಬಿಡಬೇಕೆಂದು ಬಸ್ಸಿನುದ್ದಕ್ಕೂ ಆಸೆಯಾಗಿತ್ತು.

“ಐದಕ್ಕೆ ಮೂರು” ಎಂದೆ.

ಅವರು ಎರಡು ಬೆರಳು ಮಡಚಿದರು. ಉಳಿದ ಮೂರನ್ನು ಬಸಮ್ಮನ ಮುಖದ ಮುಂದೆ ಎತ್ತಿ ಹಿಡಿದರು, ಏನೋ ಗೆದ್ದವರ ಹಾಗೆ.

ಬಿಳಿ ಕಬ್ಬನ್ನು ಮನೆಗೆ ತಂದೆ. ಅಪ್ಪ ಜಗಲಿಯಲ್ಲಿ ಕೂತು ಸಿಪ್ಪೆ ಸಿಗಿದು, ತುಂಡು ಮಾಡಿ ಕೊಟ್ಟರು. ನಾನು ತಿನ್ನುತ್ತಾ ಎಲ್ಲ ಹೇಳಿದೆ.

“ಬಣ್ಣ ಯಾಕೆ ಕೇಳಿಸಲಿಲ್ಲ, ಅದನ್ನ ನೋಡಿದ್ಯಾ?” ಎಂದರು ಅಪ್ಪ.

“ಇಲ್ಲ.”

“ನೋಡು ಮತ್ತೆ” ಎಂದು ಇನ್ನೊಂದು ತುಂಡು ಕೊಟ್ಟರು.